ಅಜಿತಪುರಾಣದ ಅತ್ತಿಮಬ್ಬೆ ಮತ್ತು ಶಾಸ್ತ್ರದಾನದ ಪರಂಪರೆ

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಜೈನಧರ್ಮವು ದಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಮೊದಲ ಮೂರು ದಾನಗಳ ಫಲವು ದಾನಿಯ ಕಣ್ಣೆದುರಿಗೇ ಕಾಣುತ್ತದೆ. ಹಸಿದವನು ಉಂಡು ತೃಪ್ತನಾಗುತ್ತಾನೆ, ಹೆದರಿದವನು ನೆಮ್ಮದಿಯಿಂದ ಉಸಿರಾಡುತ್ತಾನೆ, ರೋಗಿಯು ಎದ್ದು ಕೂರುತ್ತಾನೆ. ಶಾಸ್ತ್ರದಾನದ ಫಲವಾದರೋ ಕೆಲವೊಮ್ಮೆ ದಾನಿಯ ಮೊಮ್ಮಕ್ಕಳ ಕಾಲಕ್ಕೂ ಕಾಣಿಸದು. ಈ ತಡವಾದ ಫಲವನ್ನು ನಂಬಿ ಹಣ ತೊಡಗಿಸಿದವರಲ್ಲಿ ಕನ್ನಡನಾಡಿನ ಮಹಿಳೆಯರು ಮುಂಚೂಣಿಯಲ್ಲಿ ನಿಲ್ಲುತ್ತಾರೆ. ಆದರೆ ಅವರನ್ನು ಸಮಾಜವು ನೆನೆಯುವ ರೀತಿ ಮಾತ್ರ ಅವರು ಮಾಡಿದ ಕೆಲಸಕ್ಕೆ ತಕ್ಕಂತಿಲ್ಲ. ಇದಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆಗಿಂತ ಬೇರೆ ಉದಾಹರಣೆ ಬೇಕಿಲ್ಲ.

ರೋಣ, ನರಗುಂದ, ಗಜೇಂದ್ರಗಡದ ಶ್ರಾವಕ ಕುಟುಂಬಗಳಿಗೆ ಅತ್ತಿಮಬ್ಬೆ ಪರಸ್ಥಳದವಳಲ್ಲ. ಆಕೆ ಕಟ್ಟಿಸಿದ ಬ್ರಹ್ಮಜಿನಾಲಯವು ಗದಗದಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಇಂದಿಗೂ ನಿಂತಿದೆ. ಅಲ್ಲಿನ 1007ರ ಶಾಸನವು ಆಕೆಯ ಕೀರ್ತಿಯನ್ನು ಸಾರುತ್ತಿದೆ. ಈ ಸೀಮೆಯಲ್ಲಿ ಆಕೆ ಮೊದಲಿಗಳೂ ಅಲ್ಲ. ರೋಣದ ಸೀಮೆಯ ನರೇಗಲ್ಲಿನಲ್ಲಿ ಗಂಗರ ಬೂತುಗನ ರಾಣಿ ಪದ್ಮಬ್ಬರಸಿಯು ಕಟ್ಟಿಸಿದ ಬಸದಿಗೆ ದಾನಶಾಲೆಯೊಂದು ಹೊಂದಿಕೊಂಡಿತ್ತೆಂದೂ ಆ ಶಾಲೆಗೆ ಕೆರೆಯೊಂದನ್ನು ಬಿಟ್ಟುಕೊಡಲಾಯಿತೆಂದೂ 950ರ ಶಾಸನ ತಿಳಿಸುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಸೂಡಿಯನ್ನು ಮುಖ್ಯಸ್ಥಳವಾಗಿ ಹೊಂದಿದ್ದ ಕಿಸುಕಾಡು ಎಪ್ಪತ್ತನ್ನು ಆಳಿದವಳು ಚಾಲುಕ್ಯರಾಜಕುಮಾರಿ ಅಕ್ಕಾದೇವಿ. ಹೀಗೆ ಸ್ತ್ರೀಯರ ಕೈಯಲ್ಲಿ ಅಧಿಕಾರವೂ ದಾನವೂ ಕೂಡಿದ್ದ ನೆಲದಲ್ಲಿ ಅತ್ತಿಮಬ್ಬೆಯ ಕಾರ್ಯವು ಬೆಳೆದು ನಿಂತಿತು.

ಆಕೆಯ ಜೀವನಕ್ಕೆ ಮುಖ್ಯ ಆಧಾರ ರನ್ನಕವಿಯು 993ರಲ್ಲಿ ಮುಗಿಸಿದ ಅಜಿತಪುರಾಣ. ಎರಡನೆಯ ತೀರ್ಥಂಕರರ ಚರಿತೆಯನ್ನು ಹನ್ನೆರಡು ಆಶ್ವಾಸಗಳಲ್ಲಿ ಹೇಳುವ ಈ ಚಂಪೂಕಾವ್ಯವನ್ನು ಬರೆಯಿಸಿದವಳು ಅತ್ತಿಮಬ್ಬೆಯೇ. ಮುದುವೊಳಲಿನ, ಅಂದರೆ ಇಂದಿನ ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ಚಕ್ರವರ್ತಿಯ ಆಸ್ಥಾನದಲ್ಲಿ ಮೆರೆದವನು. ಅಂತಹವನು ತನ್ನ ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟನೆಂದರೆ ಆಶ್ರಯದಾತೆಯ ಮೇಲೆ ಅವನಿಗಿದ್ದ ಗೌರವವು ಕೇವಲ ಸಂಭಾವನೆಯ ಋಣವಾಗಿರಲಿಲ್ಲ ಎಂಬುದು ಸ್ಪಷ್ಟ.

ಅತ್ತಿಮಬ್ಬೆಯ ಚರಿತೆಯ ಪಾವಿತ್ರ್ಯವನ್ನು ಹೇಳಲು ರನ್ನನು ಆಯ್ದುಕೊಂಡ ಉಪಮಾನಗಳು ಪ್ರಸಿದ್ಧವಾಗಿವೆ: ಬಿಳಿಯ ಅರಳೆ, ಗಂಗೆಯ ನೀರು, ಮುನಿಯ ಗುಣ, ಕೊಪಣದ ಬೆಟ್ಟ. ನದಿ, ಮುನಿ, ತೀರ್ಥಕ್ಷೇತ್ರ ಈ ಮೂರೂ ಪೂಜ್ಯವಸ್ತುಗಳು. ಆದರೆ ಸಾಲಿನ ಮೊದಲಿಗೆ ನಿಂತಿರುವುದು ಅರಳೆ. ಎರೆಭೂಮಿಯಲ್ಲಿ ಬೆಳೆದು, ಹಿಂಜಿ, ನೂತು, ನೇಯ್ದ ಮೇಲೆ ಪರರ ಮೈಯನ್ನು ಮುಚ್ಚುವ ವಸ್ತುವದು. ಹತ್ತಿಯ ವ್ಯಾಪಾರವನ್ನು ಬಲ್ಲ ಈ ಭಾಗದ ಓದುಗರಿಗೆ ಆ ಹೋಲಿಕೆಯ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ರನ್ನನು ಆಕೆಯ ಹಿರಿಮೆಯನ್ನು ರಾಜವೈಭವದಲ್ಲಿ ಹುಡುಕದೆ ಶುಚಿತ್ವ ಮತ್ತು ಉಪಯೋಗಗಳಲ್ಲಿ ಹುಡುಕಿದನೆಂಬುದು ಕಾವ್ಯದೃಷ್ಟಿಯಿಂದ ದೊಡ್ಡ ಸಂಗತಿ.

ಅದೇ ಕಾವ್ಯದಲ್ಲಿ ವಿಮರ್ಶೆಗೆ ಅವಕಾಶವುಳ್ಳ ಭಾಗವೂ ಇದೆ. ಅತ್ತಿಮಬ್ಬೆಯ ಪತಿ ನಾಗದೇವನು ಚಾಲುಕ್ಯರ ದಂಡನಾಯಕ. ಆಕೆಯ ತಂಗಿ ಗುಂಡಮಬ್ಬೆಯೂ ಅವನ ಪತ್ನಿಯೇ. ನಾಗದೇವನು ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗ ಅಣ್ಣಿಗದೇವನನ್ನು ಸಲಹುತ್ತ ವ್ರತನಿಷ್ಠೆಯಿಂದ ಬದುಕಿದಳು. ರನ್ನನು ತಂಗಿಯ ಮರಣವನ್ನು ಖಂಡಿಸುವುದಿಲ್ಲ. ಅವನ ಕಾಲಕ್ಕೆ ಅದು ವೀರಪತ್ನಿಯ ನಡೆ. ಆದರೆ ಅವನ ಕಾವ್ಯದ ಸಾಕ್ಷ್ಯವು ಅವನ ಮಾತಿಗಿಂತ ಮುಂದೆ ಹೋಗುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಈ ಇಬ್ಬರು ಸೋದರಿಯರ ಆಯ್ಕೆಗಳನ್ನು ಎದುರುಬದುರಿಟ್ಟು ನೋಡಬೇಕು. ಬದುಕಿದ ಅಕ್ಕನಿಂದ ಬಸದಿ ಉಳಿಯಿತು, ಎರಡು ಪುರಾಣಗಳು ಉಳಿದವು, ಒಂದು ವಂಶವೂ ಉಳಿಯಿತು. ತಂಗಿಯ ಹೆಸರೂ ಉಳಿದಿರುವುದು ಅಕ್ಕನು ಬರೆಯಿಸಿದ ಗ್ರಂಥದ ಪುಟಗಳಲ್ಲಿಯೇ. ವೈಧವ್ಯವನ್ನು ಬದುಕಿನ ಕೊನೆಯೆಂದು ಬಗೆಯದೆ ವಿದ್ಯಾಸೇವೆಯ ಆರಂಭವೆಂದು ಬಗೆದುದೇ ಅತ್ತಿಮಬ್ಬೆಯ ಮೊದಲ ಕೊಡುಗೆ.

ಎರಡನೆಯ ಕೊಡುಗೆ ಶಾಂತಿಪುರಾಣದ ಸಾವಿರ ಪ್ರತಿಗಳು. ಆಕೆಯ ತಂದೆ ಮಲ್ಲಪಯ್ಯ ಮತ್ತು ಆತನ ಸೋದರ ಪುನ್ನಮಯ್ಯ ತಮ್ಮ ಗುರು ಜಿನಚಂದ್ರದೇವರ ಸ್ಮರಣೆಗಾಗಿ ಪೊನ್ನಕವಿಯಿಂದ ಬರೆಯಿಸಿದ ಕೃತಿಯದು. ಪೊನ್ನನಿಗೆ ಆಶ್ರಯವಿತ್ತ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು 972ರಲ್ಲಿ ಪರಮಾರರ ಸೀಯಕನು ಸೂರೆಗೊಂಡನು. ಮರುವರ್ಷವೇ ಅಧಿಕಾರವು ಚಾಲುಕ್ಯ ತೈಲಪನ ವಶವಾಯಿತು. ಅರಸುಮನೆತನ ಅಳಿದಾಗ ಅದು ಪೋಷಿಸಿದ ಗ್ರಂಥಗಳೂ ಅನಾಥವಾಗುತ್ತವೆ. ಅಂತಹ ಸಂಧಿಕಾಲದಲ್ಲಿ ಹೊಸ ಆಳ್ವಿಕೆಯ ಸೇನಾನಿಯ ಮನೆಯ ಹೆಣ್ಣುಮಗಳೊಬ್ಬಳು ಹಳೆಯ ಆಳ್ವಿಕೆಯ ಕವಿಯ ಗ್ರಂಥವನ್ನು ನಾಡಿನಾದ್ಯಂತ ಹರಡಲು ಮುಂದಾದಳು.

ಸಾವಿರ ಪ್ರತಿ ಎಂಬ ಮಾತನ್ನು ಭಾಷಣಗಳಲ್ಲಿ ಸುಲಭವಾಗಿ ಹೇಳಿಬಿಡುವುದುಂಟು. ಅದರ ಖರ್ಚನ್ನು ಲೆಕ್ಕ ಹಾಕಿದವರು ಕಡಿಮೆ. ಹನ್ನೆರಡು ಆಶ್ವಾಸಗಳ ಚಂಪೂಗ್ರಂಥವನ್ನು ಓಲೆಯ ಮೇಲೆ ಕಂಠದಿಂದ ಕೊರೆದು ಒಬ್ಬ ಲಿಪಿಕಾರನು ತಿಂಗಳಿಗೊಂದು ಪ್ರತಿ ಮುಗಿಸುತ್ತಾನೆಂದು ಇಟ್ಟುಕೊಂಡರೂ ಸಾವಿರ ಪ್ರತಿಗಳಿಗೆ 83 ವರ್ಷಗಳು ಬೇಕು. ನೂರು ಜನರನ್ನು ಕೂರಿಸಿದರೆ ಹತ್ತು ತಿಂಗಳು. ಓಲೆಯನ್ನು ಹದಗೊಳಿಸುವವರು, ಬರೆದುದನ್ನು ಮೂಲದೊಡನೆ ತಾಳೆ ನೋಡುವವರು, ಕಟ್ಟಿ ಸಾಗಿಸುವವರು, ಅವರೆಲ್ಲರ ಊಟ ಮತ್ತು ವಸತಿ ಇದಕ್ಕೆ ಕೂಡಬೇಕು. ಇದು ಭಾವಾವೇಶದಲ್ಲಿ ಮಾಡಿದ ದಾನವಲ್ಲ. ವ್ಯವಸ್ಥೆಯನ್ನರಿತು, ಕೆಲಸಗಾರರನ್ನು ಕೂಡಿಸಿ, ವರ್ಷಗಟ್ಟಲೆ ಲೆಕ್ಕವಿಟ್ಟು ನಡೆಸಿದ ಕಾರ್ಯ.

ಫಲಿತಾಂಶವು ಕಣ್ಣೆದುರಿಗಿದೆ. ಪೊನ್ನನ ಶಾಂತಿಪುರಾಣ ಉಳಿದಿದೆ. ಅವನದೇ ಭುವನೈಕರಾಮಾಭ್ಯುದಯ ದೊರೆತಿಲ್ಲ. ರನ್ನನ ಅಜಿತಪುರಾಣ ಉಳಿದಿದೆ. ಅವನ ಪರಶುರಾಮಚರಿತ, ಚಕ್ರೇಶ್ವರಚರಿತಗಳು ಹೆಸರಾಗಿ ಮಾತ್ರ ಉಳಿದಿವೆ. ಉಳಿವಿಗೆ ಅತ್ತಿಮಬ್ಬೆಯೊಬ್ಬಳೇ ಕಾರಣಳೆಂದು ಸಾಧಿಸಲಾಗದು. ಬಸದಿ ಮತ್ತು ಮಠಗಳ ಭಂಡಾರಗಳ ಪಾಲೂ ಅದರಲ್ಲಿದೆ. ಆದರೂ ಪ್ರತಿ ಮಾಡಿಸಿದ ಗ್ರಂಥಕ್ಕೆ ಆಯುಷ್ಯ ಹೆಚ್ಚೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಇಷ್ಟಾಗಿಯೂ ಲೋಕವು ಅತ್ತಿಮಬ್ಬೆಯನ್ನು ನೆನೆಯುವುದು 1500 ಜಿನಪ್ರತಿಮೆಗಳಿಗಾಗಿ, ನದಿಯ ಪ್ರವಾಹ ಆಕೆಯ ಮಹಿಮೆಗೆ ನಿಂತಿತೆಂಬ ಪವಾಡಕ್ಕಾಗಿ. ಪ್ರತಿಮೆಗಳ ಭಕ್ತಿಯನ್ನು ಹೀನೈಸಬೇಕಾಗಿಲ್ಲ. ಆದರೆ ಚಿನ್ನ, ರತ್ನಗಳ ಆ ಬಿಂಬಗಳು ಇಂದು ಎಲ್ಲಿವೆ? ಬೆಲೆಯುಳ್ಳ ವಸ್ತುವಿಗೆ ಕಳ್ಳರಿದ್ದಾರೆ, ಕರಗಿಸುವವರಿದ್ದಾರೆ. ಓಲೆಗರಿಗೆ ಗೆದ್ದಲೊಂದೇ ಶತ್ರು, ಅದನ್ನೂ ಮರುಪ್ರತಿಯಿಂದ ಗೆಲ್ಲಬಹುದು.

ಅತ್ತಿಮಬ್ಬೆಯದು ಒಂಟಿ ಉದಾಹರಣೆಯೂ ಅಲ್ಲ. ದಿಗಂಬರ ಪರಂಪರೆಯ ಅತ್ಯಂತ ಪೂಜ್ಯವಾದ ಸಿದ್ಧಾಂತಗ್ರಂಥಗಳನ್ನು ಮೂಡುಬಿದಿರೆಯ ಗುರುಬಸದಿ ಕಾಪಾಡಿಕೊಂಡು ಬಂದಿತು. ಅಲ್ಲಿನ ಧವಲದ ಪ್ರತಿಯನ್ನು ಶ್ರುತಪಂಚಮೀ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದವಳು ದೇಮಿಯಕ್ಕ. ಮಹಾಬಂಧದ ಪ್ರತಿಯನ್ನು ಅಂತಹದೇ ವ್ರತದ ಸಮಾಪ್ತಿಯಲ್ಲಿ ಮಾಘನಂದಿ ಮುನಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಧವಲ, ಜಯಧವಲಗಳ ಪ್ರತಿಲಿಪಿಯ ಕಾರ್ಯ ನಡೆದಾಗ ಗಜಪತಿ ಉಪಾಧ್ಯಾಯರಿಗೆ ಕನ್ನಡ ಲಿಪಿಯ ಪ್ರತಿಯೊಂದನ್ನು ಸಿದ್ಧಪಡಿಸಲು ನೆರವಾದವರು ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿ. 1939ರಿಂದ ಪಂಡಿತ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲವು ಮುದ್ರಣಗೊಂಡು ಲೋಕದ ವಿದ್ವಾಂಸರ ಕೈಸೇರಿತು. ಬರೆಯಿಸಿದ ಕೈಯಿಂದ ಮುದ್ರಣದ ಮೊಳೆಯವರೆಗಿನ ಈ ದಾರಿಯಲ್ಲಿ ಮೂವರು ಸ್ತ್ರೀಯರು ನಿಂತಿದ್ದಾರೆ. ಅವರ ಹೆಸರುಗಳನ್ನು ಬಲ್ಲ ಶ್ರಾವಕರ ಮನೆಗಳು ಎಷ್ಟಿರಬಹುದು?

ಇಲ್ಲಿ ಇನ್ನೊಂದು ಕಹಿ ಸತ್ಯವನ್ನು ಎದುರಿಸಬೇಕಾಗುತ್ತದೆ. ಮೇಲೆ ಹೆಸರಿಸಿದವರು ಬರೆಯಿಸಿದವರು, ಪ್ರತಿ ಮಾಡಿದವರು. ಸ್ವತಃ ರಚಿಸಿದ ಸ್ತ್ರೀಯರು ಎಲ್ಲಿ? ಕನ್ನಡದ ಮೊದಲ ಕವಯಿತ್ರಿಯೆಂದು ಕಂತಿಯ ಹೆಸರನ್ನು ಹೇಳಲಾಗುತ್ತದೆ. ಅಭಿನವಪಂಪನೆನಿಸಿದ ನಾಗಚಂದ್ರನೊಡ್ಡಿದ ಸಮಸ್ಯೆಗಳನ್ನು ಆಕೆ ಪೂರೈಸಿದಳೆಂಬ ಕತೆ ಪ್ರಸಿದ್ಧ. ಆದರೆ ಆಕೆಯದೆಂದು ನಿಶ್ಚಿತವಾಗಿ ಹೇಳಬಹುದಾದ ಒಂದು ಗ್ರಂಥವೂ ದೊರೆತಿಲ್ಲ; ಆಕೆಯ ಅಸ್ತಿತ್ವವನ್ನೇ ಹಲವು ವಿದ್ವಾಂಸರು ಶಂಕಿಸಿದ್ದಾರೆ. ಕಂತಿಯೆಂಬುದು ಜೈನ ಸಂನ್ಯಾಸಿನಿಯರಿಗೆ ಸಲ್ಲುವ ಸಾಮಾನ್ಯ ಸಂಬೋಧನೆಯಾದುದರಿಂದ ಅದು ಅಂಕಿತನಾಮವೆನ್ನುವುದೂ ಕಷ್ಟ. ಪುರುಷಕವಿಯ ಕೃತಿಯನ್ನು ಉಳಿಸಲು ಒಬ್ಬ ಸ್ತ್ರೀಯು ಸಾವಿರ ಪ್ರತಿ ಮಾಡಿಸಿದಳು. ಕಂತಿಯ ಕೃತಿಯೊಂದಿತ್ತೆಂದಾದರೆ ಅದಕ್ಕೆ ಒಂದು ಪ್ರತಿ ಮಾಡಿಸುವವರೂ ಸಿಗಲಿಲ್ಲವೆಂದೇ ಅರ್ಥ.

ಪೋಷಣೆ ದೊರೆತಾಗ ಏನಾಗುತ್ತದೆಂಬುದಕ್ಕೆ ಸಂಚಿ ಹೊನ್ನಮ್ಮನೇ ಸಾಕ್ಷಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಆಕೆಗೆ ವಿದ್ಯಾಗುರುವೂ ಕಾವ್ಯರಚನೆಗೆ ಅಪ್ಪಣೆಯೂ ದೊರೆತವು. ‘ಹದಿಬದೆಯ ಧರ್ಮ’ ಉಳಿದು ಬಂದಿತು. ಪತಿವ್ರತಾಧರ್ಮವನ್ನು ಬೋಧಿಸುವ ಆ ಕೃತಿಯ ನಡುವೆಯೇ ಹೆಣ್ಣೆಂದು ಜರೆಯುವವರನ್ನು ಆಕೆ ನೇರವಾಗಿ ಪ್ರಶ್ನಿಸುತ್ತಾಳೆ. ಪ್ರತಿಭೆ ಎಲ್ಲ ಮನೆಗಳಲ್ಲಿಯೂ ಹುಟ್ಟುತ್ತದೆ. ಉಳಿಯುವುದು ಆಸರೆ ದೊರೆತ ಕಡೆಯಲ್ಲಿ ಮಾತ್ರ.

ಆಧುನಿಕ ಕಾಲದಲ್ಲಿ ಈ ಅರಿವು ಕೆಲವರಿಗೆ ಬಂದಿತು. ಬಾಲ್ಯದಲ್ಲಿಯೇ ವಿಧವೆಯಾದ ಪಂಡಿತೆ ಚಂದಾಬಾಯಿಯವರು 1921ರಲ್ಲಿ ಬಿಹಾರದ ಆರಾ ನಗರದಲ್ಲಿ ಜೈನ ಬಾಲಾವಿಶ್ರಾಮವನ್ನು ಸ್ಥಾಪಿಸಿ ಅತ್ತಿಮಬ್ಬೆಯ ದಾರಿಯನ್ನೇ ತುಳಿದರು. ಕರ್ನಾಟಕ ಸರ್ಕಾರವು 1990ರ ದಶಕದಲ್ಲಿ ಲೇಖಕಿಯರಿಗಾಗಿ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯನ್ನು ಆರಂಭಿಸಿತು. ಬರೆಯಿಸಿದವಳ ಹೆಸರಿನ ಗೌರವ ಬರೆಯುವವರಿಗೆ ಸಲ್ಲುವುದು ಅತ್ಯಂತ ಉಚಿತ. ಜೈನಸಾಹಿತ್ಯದ ವಿದುಷಿ ಡಾ. ಕಮಲಾ ಹಂಪನಾ ಅವರು 2003ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದುದು ಸಿದ್ಧಾಂತಗ್ರಂಥಗಳನ್ನು ಕಾಯ್ದ ಅದೇ ಮೂಡುಬಿದಿರೆಯಲ್ಲಿ. 2024ರಲ್ಲಿ ಅವರು ಅಗಲಿದಾಗ ಹಳಗನ್ನಡ ಮತ್ತು ಪ್ರಾಕೃತಗಳನ್ನು ಒಟ್ಟಿಗೆ ಬಲ್ಲ ಪೀಳಿಗೆಯ ಮುಖ್ಯ ಕೊಂಡಿಯೊಂದು ಕಳಚಿತು. 2010ರಲ್ಲಿ ಗದಗಿನಲ್ಲಿ ನಡೆದ ಸಮ್ಮೇಳನಕ್ಕೂ ಲೇಖಕಿಯೇ ಅಧ್ಯಕ್ಷರು, ಡಾ. ಗೀತಾ ನಾಗಭೂಷಣ.

ಪೀಠದ ಮೇಲಿನ ಗೌರವ ದೊರೆತಿದೆ. ಅದರ ಕೆಳಗಿನ ಅಡಿಪಾಯದ ಚಿಂತೆ ಉಳಿದಿದೆ. ಬಸದಿಯ ಜೀರ್ಣೋದ್ಧಾರಕ್ಕೂ ಪಂಚಕಲ್ಯಾಣ ಮಹೋತ್ಸವಕ್ಕೂ ದಾನಿಗಳು ಸಾಲುಗಟ್ಟುತ್ತಾರೆ. ಅಮೃತಶಿಲೆಯ ಫಲಕದಲ್ಲಿ ಹೆಸರುಗಳು ಮೂಡುತ್ತವೆ. ಜಾಣ ಹುಡುಗಿಯೊಬ್ಬಳು ಹಳಗನ್ನಡವನ್ನೋ ಪ್ರಾಕೃತವನ್ನೋ ಓದುತ್ತೇನೆಂದರೆ ಅದರಿಂದ ಏನು ಲಾಭವೆಂಬ ಪ್ರಶ್ನೆ ಮನೆಯಲ್ಲಿಯೇ ಏಳುತ್ತದೆ. ವ್ಯಾಪಾರಿಯ ಮನೆಯಲ್ಲಿ ಲಾಭದ ಪ್ರಶ್ನೆ ತಪ್ಪಲ್ಲ. ಲೆಕ್ಕದ ಅವಧಿ ಮಾತ್ರ ತೀರ ಚಿಕ್ಕದಾಗಿದೆ. ದೀಪಾವಳಿಯಿಂದ ದೀಪಾವಳಿಗೆ ಮುಗಿಯುವ ಖಾತೆಯಲ್ಲಿ ಅತ್ತಿಮಬ್ಬೆಯ ಸಾವಿರ ಪ್ರತಿಗಳು ಶುದ್ಧ ನಷ್ಟ. ಸಾವಿರ ವರ್ಷದ ಖಾತೆಯಲ್ಲಿ ಆಕೆ ಮಾಡಿದ ಖರ್ಚುಗಳಲ್ಲಿ ಇದಕ್ಕಿಂತ ಹೆಚ್ಚು ಮರಳಿದುದು ಇನ್ನೊಂದಿಲ್ಲ.

ಬಸದಿಗಳ ಟ್ರಸ್ಟುಗಳು ಮಾಡಬಹುದಾದುದು ಅಸಾಧ್ಯವಾದುದೇನಲ್ಲ. ವಾರ್ಷಿಕ ಆದಾಯದ ಒಂದು ಭಾಗವನ್ನು ಶಾಸ್ತ್ರದಾನಕ್ಕೆಂದೇ ಬೇರೆ ಇಡುವುದು. ಪ್ರಾಚೀನಭಾಷೆಗಳನ್ನು ಓದುವ ಒಬ್ಬಳಾದರೂ ವಿದ್ಯಾರ್ಥಿನಿಗೆ ಪದವಿ ಮುಗಿಯುವವರೆಗೆ ನೆರವಾಗುವುದು. ಮನೆಗಳ ಅಟ್ಟದಲ್ಲಿರುವ ಓಲೆಗ್ರಂಥ, ಕಾಗದದ ಕೈಬರಹಗಳ ಪಟ್ಟಿ ಮಾಡಿಸುವುದು. ಅಜ್ಜಿಯರ ಕಂಠದಲ್ಲಿರುವ ವ್ರತಕಥೆ ಮತ್ತು ಹಾಡುಗಳನ್ನು, ಹೇಳಿದವರ ಹೆಸರಿನೊಡನೆ ಬರೆದಿಡುವುದು. ಕೊನೆಯದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ತುರ್ತಿನದು. ಕಂತಿಯ ವಿಷಯದಲ್ಲಿ ಆದ ನಷ್ಟ ಮತ್ತೊಮ್ಮೆ ಆಗದಿರಲು ಬೇರೆ ಉಪಾಯವಿಲ್ಲ.

ಜ್ಯೇಷ್ಠ ಶುದ್ಧ ಪಂಚಮಿಯಂದು ಗ್ರಂಥಗಳನ್ನು ಪೀಠದಲ್ಲಿರಿಸಿ, ವಸ್ತ್ರ ಹೊದಿಸಿ ಪೂಜಿಸುವುದು ಸಂಪ್ರದಾಯ. ದೇಮಿಯಕ್ಕನು ಆ ವ್ರತದ ಉದ್ಯಾಪನೆಗೆ ಗ್ರಂಥವನ್ನೇ ಬರೆಯಿಸಿದಳೆಂಬುದನ್ನು ಅಂದು ನೆನೆಯಬೇಕು. ಪೂಜೆ ಮುಗಿದ ಮೇಲೆ ಹೊದಿಸಿದ ವಸ್ತ್ರವನ್ನು ಸರಿಸಿ, ಮನೆಯ ಮಗಳ ಕೈಗೆ ಆ ಗ್ರಂಥವನ್ನು ಕೊಟ್ಟು ಓದಿಸಿದರೆ ಅತ್ತಿಮಬ್ಬೆಯ ದಾನ ಸಾರ್ಥಕವಾಗುತ್ತದೆ.