ಕೊನೆಯ ಸಾಲಿನಲ್ಲಿ ಕುಳಿತು ನೋಡಿ

2024ರ ಅಕ್ಟೋಬರ್‌ನಲ್ಲಿ ಕಿಯಾ ಇವಿ9 ಭಾರತಕ್ಕೆ ಬಂದಾಗ ಅದರ ಷೋರೂಂ ಬೆಲೆ 1.30 ಕೋಟಿ ರೂಪಾಯಿ. ಅದಾಗಿ ಒಂದು ವರ್ಷ ಕಳೆದು, 2025ರ ನವೆಂಬರ್ 27ರಂದು, ಮಹೀಂದ್ರ ತನ್ನ ಏಳು ಸೀಟಿನ ಎಕ್ಸ್‌ಇವಿ 9ಎಸ್ ಅನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿತು. ಆರಂಭದ ಬೆಲೆ 19.95 ಲಕ್ಷ. ಇವೆರಡರ ನಡುವೆ ಬಿವೈಡಿ ಇಮ್ಯಾಕ್ಸ್ 7, ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ ಕೂಡ ಬಂದವು. ಇಡೀ ಮನೆಯನ್ನು ಹತ್ತಿಸಿಕೊಂಡು ಹೊರಡುವ ಎಲೆಕ್ಟ್ರಿಕ್ ಕಾರು ಈಗ ಮಧ್ಯಮ ವರ್ಗದವರು ಲೆಕ್ಕ ಹಾಕಿ ನೋಡಬಹುದಾದ ವಸ್ತು. ಆದರೆ ಆ ಲೆಕ್ಕ ಎಲ್ಲಿಂದ ಶುರುವಾಗಬೇಕು?

ಬಹುತೇಕರು ಡ್ರೈವರ್ ಸೀಟಿನಿಂದ ಶುರು ಮಾಡುತ್ತಾರೆ. ಅಗಲವಾದ ಪರದೆಗಳು, ಸದ್ದಿಲ್ಲದೆ ಚಿಮ್ಮುವ ವೇಗ, ಗಾಜಿನ ಸೂರು ಎಲ್ಲವೂ ಅಲ್ಲಿಂದ ಸೊಗಸಾಗಿಯೇ ಕಾಣುತ್ತವೆ. ಏಳು ಜನರ ಕಾರಿನ ನಿಜವಾದ ಗುಣ ತಿಳಿಯಬೇಕಾದರೆ ಮೊದಲು ಹತ್ತಬೇಕಾದದ್ದು ಮೂರನೇ ಸಾಲಿಗೆ.

ಕಾರಣ ಕಾರಿನ ರಚನೆಯಲ್ಲೇ ಇದೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ನೆಲದಡಿ ಹಾಸಿಕೊಂಡಿರುತ್ತದೆ. ಅದರಿಂದಾಗಿ ನೆಲ ಮೇಲೇರುತ್ತದೆ. ಸೀಟನ್ನೂ ಅಷ್ಟೇ ಎತ್ತರಿಸಿದರೆ ಕೂತವರ ತಲೆ ಸೂರಿಗೆ ತಾಗುತ್ತದೆ. ಹಾಗಾಗಿ ಹಿಂದಿನ ಸೀಟು ತಗ್ಗಿನಲ್ಲೇ ಉಳಿಯುತ್ತದೆ. ಪರಿಣಾಮ, ಮೊಣಕಾಲು ಎದೆಯ ಕಡೆಗೆ ಮಡಚಿಕೊಳ್ಳುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ಷೋರೂಮಿನಲ್ಲಿ ಎರಡು ನಿಮಿಷ ಕೂತವರಿಗೆ ಇದು ಗೊತ್ತಾಗದು. ಬೆಂಗಳೂರಿನಿಂದ ಹೊರಟು ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಗೊತ್ತಾಗುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ, ಅಂದರೆ ವೀಲ್‌ಬೇಸ್, ಇಲ್ಲಿ ಬಹಳ ಮುಖ್ಯ. ಇವಿ9ರಲ್ಲಿ ಅದು 3,100 ಮಿ.ಮೀ., 9ಎಸ್‌ನಲ್ಲಿ 2,762 ಮಿ.ಮೀ. ಒಂದಡಿಗೂ ಮೀರಿದ ಈ ವ್ಯತ್ಯಾಸವನ್ನು ಕಾಗದದಲ್ಲಿ ಓದುವುದಕ್ಕಿಂತ ಮನೆಯ ಅತಿ ಎತ್ತರದ ಸದಸ್ಯರನ್ನು ಹಿಂದೆ ಕೂರಿಸಿ ಅಳೆಯುವುದು ಮೇಲು. ಅಲ್ಲಿಗೆ ಎಸಿ ಗಾಳಿ ತಲುಪುತ್ತದೆಯೇ, ಅಜ್ಜಿಗೆ ಯಾರ ಕೈಯನ್ನೂ ಹಿಡಿಯದೆ ಎರಡನೇ ಸಾಲಿಗಾದರೂ ಹತ್ತಲು ಆಗುತ್ತದೆಯೇ, ಎರಡನೇ ಸಾಲನ್ನು ಮಡಚಿ ಹಿಂದಕ್ಕೆ ಹೋಗುವ ದಾರಿ ಮಕ್ಕಳಿಗೆ ತಾವಾಗಿಯೇ ಸಿಗುತ್ತದೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು.

ಏಳೂ ಜನ ಕೂತ ಮೇಲೆ ಡಿಕ್ಕಿ ತೆರೆಯಬೇಕು. ಇಮ್ಯಾಕ್ಸ್ 7ರಲ್ಲಿ ಮೂರನೇ ಸಾಲು ಮಡಚಿದರೆ 580 ಲೀಟರ್ ಜಾಗ. ಸೀಟು ಎತ್ತಿದರೆ ಉಳಿಯುವುದು 180 ಲೀಟರ್. ಕ್ಲಾವಿಸ್ ಇವಿಯಲ್ಲಿ 216. ಮದುವೆ ಮನೆಗೆ ಹೊರಟ ಏಳು ಜನರ ಬಟ್ಟೆಬರೆಗೆ ಇದು ಸಾಲದು. ಇಲ್ಲಿ 9ಎಸ್‌ಗೆ ಒಂದು ಅನುಕೂಲವಿದೆ: ಎಂಜಿನ್ ಇಲ್ಲದ ಬಾನೆಟ್ ಕೆಳಗೆ 150 ಲೀಟರ್ ಜಾಗ. ಷೋರೂಮಿಗೆ ಹೋಗುವಾಗ ಮನೆಯ ಸೂಟ್‌ಕೇಸುಗಳನ್ನೇ ಜೊತೆಗೆ ಒಯ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸ್ಟೆಪ್ನಿ ಇದೆಯೇ, ಪಂಚರ್ ಕಿಟ್ ಮಾತ್ರವೇ ಎಂದು ಕೇಳುವುದಕ್ಕೂ ಅದೇ ಸರಿಯಾದ ಹೊತ್ತು.

ಇನ್ನು ರೇಂಜ್. ಭಾರತದಲ್ಲಿ ಕಂಪನಿಗಳು ಜಾಹೀರಾತಿನಲ್ಲಿ ಹೇಳುವುದು ಎಂಐಡಿಸಿ ಪರೀಕ್ಷೆಯ ಅಂಕಿ. ಅದು ಪ್ರಯೋಗಾಲಯದ ಉರುಳೆಗಳ ಮೇಲೆ, ಎಸಿ ಹಾಕದೆ, ಗಂಟೆಗೆ 90 ಕಿ.ಮೀ. ಮೀರದ ವೇಗದಲ್ಲಿ ನಡೆಯುವ ಪರೀಕ್ಷೆ. ಟಾಟಾ ಕಂಪನಿ ಐದು ಸೀಟಿನ ಹ್ಯಾರಿಯರ್ ಇವಿಗೆ ಎರಡು ಅಂಕಿಗಳನ್ನು ಕೊಟ್ಟು ಒಳ್ಳೆಯ ಕೆಲಸ ಮಾಡಿದೆ. 75 ಕಿಲೋವಾಟ್ ಅವರ್, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ 75 ಯುನಿಟ್ ಹಿಡಿಸುವ ಬ್ಯಾಟರಿಯ ಹಿಂಚಕ್ರ ಚಾಲಿತ ಮಾದರಿಗೆ ಎಂಐಡಿಸಿ ಅಂಕಿ 627 ಕಿ.ಮೀ.; ನಿಜ ಬಳಕೆಯಲ್ಲಿ ಸಿಗುವುದು 480ರಿಂದ 505 ಎಂದು ಕಂಪನಿಯೇ ಹೇಳುತ್ತದೆ. ಜನ, ಸಾಮಾನು ತುಂಬಿಕೊಂಡು ಹೆದ್ದಾರಿಯಲ್ಲಿ ಓಡಿಸುವವರು ಅದರಲ್ಲೂ ಸ್ವಲ್ಪ ಕಳೆದುಕೊಳ್ಳಬೇಕು. 80ರ ವೇಗದಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ. 120ಕ್ಕೆ ಹೋದರೆ ಎರಡೂಕಾಲು ಪಟ್ಟು. ಎತ್ತರವಾದ ಅಗಲ ಮೈಯ ಎಸ್‌ಯುವಿಗೆ ಈ ತಡೆ ಇನ್ನೂ ದುಬಾರಿ.

ಬೆಂಗಳೂರು–ಮಂಗಳೂರು ದಾರಿಯನ್ನೇ ತೆಗೆದುಕೊಳ್ಳಿ, ಸುಮಾರು 350 ಕಿ.ಮೀ. ಏಳು ಜನ, ಸಾಮಾನು ಸೇರಿ ಕಾರಿನ ಒಟ್ಟು ತೂಕ 2,700 ಕಿಲೋ ಎಂದಿಟ್ಟುಕೊಂಡರೆ, ಅದನ್ನು ಸಮುದ್ರಮಟ್ಟದಿಂದ ಬೆಂಗಳೂರಿನ 900 ಮೀಟರ್ ಎತ್ತರಕ್ಕೆ ಎತ್ತುವುದಕ್ಕೇ ಆರೂವರೆ ಯುನಿಟ್‌ಗಿಂತ ಹೆಚ್ಚು ಬೇಕು. ಮೋಟಾರಿನ ನಷ್ಟ ಸೇರಿದರೆ ಏಳು ದಾಟುತ್ತದೆ. ಇದು ಭೌತಶಾಸ್ತ್ರದ ಲೆಕ್ಕ, ಯಾವ ಬ್ರ್ಯಾಂಡಿಗೂ ರಿಯಾಯಿತಿ ಇಲ್ಲ. ಸಮತಟ್ಟಾದ ದಾರಿಯಲ್ಲಿ ನೂರು ಕಿ.ಮೀ.ಗೆ 18 ಯುನಿಟ್ ಹಿಡಿದರೂ ಮಂಗಳೂರಿನಿಂದ ಹಿಂದಿರುಗುವಾಗ ಒಟ್ಟು 70 ಯುನಿಟ್ ಆಗುತ್ತದೆ. 79 ಯುನಿಟ್‌ನ ಬ್ಯಾಟರಿಗೂ ಅದು ಅಂಚಿನ ಆಟ. ಹಾಸನದಲ್ಲೋ ಸಕಲೇಶಪುರದಲ್ಲೋ ಒಮ್ಮೆ ನಿಲ್ಲುವುದನ್ನು ಪ್ರಯಾಣದ ಭಾಗವಾಗಿಯೇ ಎಣಿಸಿಕೊಳ್ಳಬೇಕು.

ಇಳಿಯುವಾಗ ಲೆಕ್ಕ ತಿರುಗುತ್ತದೆ. ಶಿರಾಡಿ ಘಾಟಿಯಲ್ಲಿ ಮೋಟಾರೇ ಡೈನಮೊ ಆಗಿ ಬ್ಯಾಟರಿಗೆ ವಿದ್ಯುತ್ ಹಿಂದಿರುಗಿಸುತ್ತದೆ; ಇದಕ್ಕೆ ರೀಜೆನ್ ಎನ್ನುತ್ತಾರೆ. ಆದ್ದರಿಂದ ಘಾಟಿಯ ತಲೆಯಲ್ಲಿ, ಸಕಲೇಶಪುರದಲ್ಲಿ, ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಬಾರದು. ತುಂಬಿದ ಬ್ಯಾಟರಿಗೆ ವಿದ್ಯುತ್ ಇಳಿಸಿಕೊಳ್ಳಲು ಜಾಗವಿರದೆ ಇಡೀ ಭಾರ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಹಾಗೆಂದು ಈ ರೀಜೆನ್ ಅನ್ನು ಪೂರ್ತಿ ಜೋರಾಗಿಟ್ಟರೆ, ಕಾಲು ಎತ್ತಿದಾಗಲೆಲ್ಲ ಕಾರು ಎಳೆದು ಹಿಡಿದಂತಾಗಿ ಹಿಂದೆ ಕೂತ ಮಕ್ಕಳಿಗೆ ವಾಕರಿಕೆ ಬರುತ್ತದೆ. ಅದನ್ನು ಹಂತಹಂತವಾಗಿ ತಗ್ಗಿಸಿಕೊಳ್ಳುವ ಸೌಲಭ್ಯ ಸ್ಟಿಯರಿಂಗ್ ಹತ್ತಿರವೇ ಇದ್ದರೆ ಒಳ್ಳೆಯದು.

ಚಾರ್ಜಿಂಗ್ ವೇಗದ ಜಾಹೀರಾತನ್ನು ಹೆದ್ದಾರಿಯ ಜೊತೆ ಹೋಲಿಸಿ ಓದಬೇಕು. ಇವಿ9 ಹತ್ತರಿಂದ ಎಂಬತ್ತು ಪರ್ಸೆಂಟ್ ತುಂಬಲು 24 ನಿಮಿಷ ಸಾಕು, ಚಾರ್ಜರ್ 350 ಕಿಲೋವಾಟ್‌ನದಾದರೆ. ಮಹೀಂದ್ರದ ಐದು ಸೀಟಿನ ಎಕ್ಸ್‌ಇವಿ 9ಇಯ 79 ಯುನಿಟ್ ಬ್ಯಾಟರಿ ಇಪ್ಪತ್ತರಿಂದ ಎಂಬತ್ತಕ್ಕೆ 20 ನಿಮಿಷದಲ್ಲಿ ಬರುತ್ತದೆ, ಚಾರ್ಜರ್ 175 ಕಿಲೋವಾಟ್‌ನದಾದರೆ. ನಮ್ಮ ದಾರಿಗಳಲ್ಲಿ ಹೆಚ್ಚಾಗಿ ಸಿಗುವುದು 30, 60 ಕಿಲೋವಾಟ್‌ನವು. ಅರವತ್ತರಲ್ಲಿ ಅದೇ 47 ಯುನಿಟ್ ತುಂಬಲು ಮುಕ್ಕಾಲು ಗಂಟೆಯ ಮೇಲಾಗುತ್ತದೆ. ಪಕ್ಕದ ಗನ್‌ಗೆ ಇನ್ನೊಂದು ಕಾರು ಬಂದು ಶಕ್ತಿ ಇಬ್ಬರಿಗೆ ಹಂಚಿಹೋದರೆ ಒಂದೂವರೆ ಗಂಟೆ. ತಾವು ಓಡಾಡುವ ದಾರಿಯಲ್ಲಿ ಯಾವ ಚಾರ್ಜರ್ ಎಷ್ಟು ಕಿಲೋವಾಟ್, ಅಲ್ಲಿ ಶೌಚಾಲಯವಿದೆಯೇ, ರಾತ್ರಿ ತೆರೆದಿರುತ್ತದೆಯೇ ಎಂದು ಬುಕ್ಕಿಂಗ್‌ಗೆ ಮೊದಲೇ ನೋಡಿಕೊಳ್ಳುವುದು ಜಾಣತನ.

ಮನೆಯ ಚಾರ್ಜಿಂಗ್ ಇಷ್ಟು ಕಷ್ಟದ್ದಲ್ಲ. ದಿನಕ್ಕೆ 50 ಕಿ.ಮೀ. ಓಡಿಸುವವರಿಗೆ ಎಂಟೊಂಬತ್ತು ಯುನಿಟ್ ಸಾಕು. 15 ಆಂಪಿಯರ್ ಪ್ಲಗ್ಗಿನಲ್ಲೂ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. 7.2 ಕಿಲೋವಾಟ್ ಚಾರ್ಜರ್ ಹಾಕಿಸುವುದಾದರೆ ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ಕರೆಂಟ್ ಬಿಲ್ಲಿನಲ್ಲಿ ನೋಡಿ, ಕಡಿಮೆಯಿದ್ದರೆ ಹೆಚ್ಚಿಸಲು ಬೆಸ್ಕಾಂಗೆ ಅರ್ಜಿ ಹಾಕಬೇಕು. ಅಪಾರ್ಟ್‌ಮೆಂಟಿನವರು ಸಂಘದ ಒಪ್ಪಿಗೆಯನ್ನು ಕಾರು ಬರುವ ಮುಂಚೆ ಲಿಖಿತವಾಗಿ ಪಡೆಯಬೇಕು.

ಸುರಕ್ಷತೆಯ ನಕ್ಷತ್ರಗಳನ್ನೂ ಬಿಡಿಸಿ ಓದಬೇಕು. ಭಾರತ್ ಎನ್‌ಸಿಎಪಿ ಅಪಘಾತ ಪರೀಕ್ಷೆಯಲ್ಲಿ ಹ್ಯಾರಿಯರ್ ಇವಿ ದೊಡ್ಡವರ ರಕ್ಷಣೆಗೆ 32ಕ್ಕೆ 32, ಮಕ್ಕಳ ರಕ್ಷಣೆಗೆ 49ಕ್ಕೆ 45 ಅಂಕ ಗಳಿಸಿದೆ, ಮೆಚ್ಚಬೇಕಾದ ಸಾಧನೆ. ಆದರೆ ಈ ಪರೀಕ್ಷೆಯಲ್ಲಿ ಮಕ್ಕಳ ಬೊಂಬೆಗಳನ್ನು ಕೂರಿಸುವುದು ಎರಡನೇ ಸಾಲಿನಲ್ಲಿ. ಏಳು ಸೀಟಿನ ಕಾರು ಕೊಳ್ಳುವವರು ಪಕ್ಕದ ಪರದೆ ಏರ್‌ಬ್ಯಾಗ್ ಕೊನೆಯ ಸಾಲಿನವರೆಗೂ ಚಾಚುತ್ತದೆಯೇ ಎಂದು ಕೇಳಿ ತಿಳಿದು, ಪುಟ್ಟ ಮಕ್ಕಳ ಸೀಟನ್ನು ಎರಡನೇ ಸಾಲಿನಲ್ಲೇ ಕಟ್ಟಬೇಕು.

ಬ್ಯಾಟರಿಯ ಜೀವಮಾನ ವಾರಂಟಿ ಎಂಬ ಮಾತು ಈಗ ಟಾಟಾ, ಮಹೀಂದ್ರ ಎರಡೂ ಕಡೆ ಕೇಳಿಬರುತ್ತದೆ. ಅದು ಮೊದಲ ಮಾಲೀಕರಿಗೆ ಸಲ್ಲುವ ಮಾತು. ಕಾರನ್ನು ಮಾರಿದರೆ ಎರಡನೆಯವರಿಗೆ ಎಷ್ಟು ವರ್ಷ, ಎಷ್ಟು ಕಿ.ಮೀ. ಉಳಿಯುತ್ತದೆ ಎಂಬುದೇ ಮುಂದೆ ಮರುಮಾರಾಟದ ಬೆಲೆಯನ್ನು ತೀರ್ಮಾನಿಸುತ್ತದೆ. ಷರತ್ತಿನ ಹಾಳೆಯನ್ನು ಕೇಳಿ ಪಡೆದು ಓದಬೇಕು.

ಸದಾ ಐದೇ ಜನ ಓಡಾಡುವ ಮನೆಗೆ ಮೂರನೇ ಸಾಲಿನ ಹಂಗೇ ಬೇಡ. 9ಇಯಂಥ ಐದು ಸೀಟಿನ ಕಾರಿನಲ್ಲಿ 663 ಲೀಟರ್ ಡಿಕ್ಕಿ ಸಿಗುತ್ತದೆ. ವಾರವಾರವೂ ಏಳು ಜನ ಹೊರಡುವ ಮನೆಯವರು ಎರಡನೇ ಬಾರಿಯೂ ಟೆಸ್ಟ್ ಡ್ರೈವ್ ಕೇಳಲು ಸಂಕೋಚಪಡಬೇಕಾಗಿಲ್ಲ. ಆ ಸಲ ಏಳೂ ಜನ ಕೂತು, ಎಸಿ ಹಾಕಿ, ಬಡಾವಣೆಯ ಅತಿ ಎತ್ತರದ ಹಂಪ್ ದಾಟಿಸಿ, ಬ್ಯಾಟರಿಯ ತಳ ನೆಲಕ್ಕೆ ಉಜ್ಜುವುದಿಲ್ಲವೆಂದು ಖಾತ್ರಿಯಾದ ಮೇಲೆ ಮುಂಗಡ ಕೊಡಬಹುದು.