ಸ್ಟಿಕ್ ಅಗ್ಗ, ಆಟ ದುಬಾರಿ

ಟಿವಿಯ ಬೆನ್ನಿಗೆ ಸಿಕ್ಕಿಸುವ ಬೆರಳುದ್ದದ ಸ್ಟಿಕ್ಕನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ 2017ರಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 3,999 ರೂಪಾಯಿ. ಕನ್ನಡ ಸಿನಿಮಾ, ಮರಾಠಿ ಧಾರಾವಾಹಿ ಎರಡನ್ನೂ ನೋಡುವ ಐನಾಪುರದಂಥ ಗಡಿಯೂರಿನ ಮನೆಗೆ ಅದು ಹೇಳಿ ಮಾಡಿಸಿದ ಸಾಧನ. ಈಗ ಅದಕ್ಕೆ ಇನ್ನೊಂದು ಹೊಗಳಿಕೆಯೂ ಸೇರಿದೆ. 2021ರಲ್ಲಿ 49,990 ರೂಪಾಯಿಗೆ ಇಲ್ಲಿ ಮಾರಾಟಕ್ಕೆ ಬಂದ ಪ್ಲೇಸ್ಟೇಷನ್ 5ರಂಥ ಯಂತ್ರ ಇನ್ನು ಬೇಡ, ದೊಡ್ಡ ಆಟಗಳನ್ನು ಕ್ಲೌಡ್‌ನಿಂದಲೇ ಆಡಬಹುದು ಎಂಬ ಮಾತು. ಆಯ್ದ ಫೈರ್ ಸ್ಟಿಕ್‌ಗಳಿಗೆ ಎಕ್ಸ್‌ಬಾಕ್ಸ್ ಆ್ಯಪ್ 2024ರಲ್ಲಿ ಬಂತು. ಮರುವರ್ಷ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗೇಮಿಂಗ್ ಸೇವೆಯನ್ನು ಭಾರತದಲ್ಲೂ ಶುರುಮಾಡಿತು. ಆದರೂ ಐನಾಪುರದ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ.

ಆಟ ನಡೆಯುವುದು ಸ್ಟಿಕ್ಕಿನೊಳಗಲ್ಲ, ದೂರದ ಡೇಟಾ ಸೆಂಟರ್‌ನಲ್ಲಿ. ಅಲ್ಲಿಂದ ಬರುವ ವಿಡಿಯೊವನ್ನು ಬಿಡಿಸಿ ತೋರಿಸುವುದು, ನಾವು ಒತ್ತಿದ ಗುಂಡಿಯ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸುವುದು, ಸ್ಟಿಕ್ಕಿನ ಕೆಲಸ ಇಷ್ಟೇ. ಹಾಗಾಗಿ 1 ಜಿಬಿ ರ‍್ಯಾಮ್ ಇದ್ದರೂ ಸಿನಿಮಾ ಸಲೀಸಾಗಿ ಓಡುತ್ತದೆ. ಸಿನಿಮಾಕ್ಕೆ ಮುಂಚಿತವಾಗಿ ಒಂದಿಷ್ಟು ತುಂಬಿಟ್ಟುಕೊಳ್ಳುವ ಅನುಕೂಲವಿದೆ. ಆಟಕ್ಕೆ ಅದಿಲ್ಲ, ಏಕೆಂದರೆ ಮುಂದೇನಾಗಬೇಕೆಂದು ಆಡುವವನ ಬೆರಳೇ ತೀರ್ಮಾನಿಸುತ್ತದೆ. ಕ್ರಿಕೆಟ್ ಆಟವನ್ನೇ ತೆಗೆದುಕೊಳ್ಳಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸುಮಾರು 4 ಮೀಟರ್ ಮುಂದೆ ಬಂದುಬಿಡುತ್ತದೆ. ನಡುವೆ ಅಷ್ಟು ತಡವಾದರೂ ಸಾಕು, ಸರಿಯಾಗಿ ಗುಂಡಿ ಒತ್ತಿದ ಹುಡುಗ ಬೌಲ್ಡ್ ಆಗಿರುತ್ತಾನೆ. ತನ್ನದಲ್ಲದ ತಪ್ಪಿಗೆ ಔಟಾಗುವ ಆಟವನ್ನು ಯಾರೂ ಬಹಳ ದಿನ ಆಡುವುದಿಲ್ಲ.

ಈ ತಡಕ್ಕೆ ದೂರವೊಂದೇ ಕಾರಣವಲ್ಲ. ದೇಶದ ಡೇಟಾ ಸೆಂಟರ್‌ಗಳು ಹೆಚ್ಚಾಗಿ ಇರುವ ಮುಂಬೈ, ಐನಾಪುರಕ್ಕೆ ಬೆಂಗಳೂರಿಗಿಂತ ಹತ್ತಿರ. ಫೈಬರ್‌ನಲ್ಲಿ ಬೆಳಕು ಅಲ್ಲಿಗೆ ಹೋಗಿಬರಲು ಕೆಲವೇ ಮಿಲಿಸೆಕೆಂಡು ಸಾಕು. ತೊಡಕು ಇರುವುದು ಕೊನೆಯ ಗಾವುದದಲ್ಲಿ. ರೂಟರ್ ಪಡಸಾಲೆಯಲ್ಲಿ, ಟಿವಿ ದಪ್ಪ ಗೋಡೆಯಾಚೆಯ ಒಳಕೋಣೆಯಲ್ಲಿ. ಎಷ್ಟೋ ಮನೆಗಳಲ್ಲಿ ರೂಟರೇ ಇಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ. ಸೆಕೆಂಡಿಗೆ 10 ಮೆಗಾಬಿಟ್‌ನಂತೆ ಲೆಕ್ಕ ಹಾಕಿದರೆ ಗಂಟೆಗೆ 4.5 ಜಿಬಿ ಬೇಕು. ದಿನಕ್ಕೆ 2 ಜಿಬಿ ಕೊಡುವ ಪ್ಯಾಕ್ ಹಾಕಿಸಿಕೊಂಡವನಿಗೆ ಅರ್ಧ ಗಂಟೆಯೊಳಗೆ ಡೇಟಾ ಖಾಲಿ! ಆಮೇಲೆ ಮನೆಯವರು ವಾಟ್ಸ್ಆ್ಯಪ್ ನೋಡುವುದಕ್ಕೂ ಪರದಾಡಬೇಕು.

ನನಗೆ ಇದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ. ಕ್ಲೌಡ್‌ನಲ್ಲಿ ಕೊಂಡ ಆಟ ಆ ಸೇವೆ ಇರುವವರೆಗೆ ಮಾತ್ರ ನಮ್ಮದು. ಅಮೆರಿಕದ ಆನ್‌ಲೈವ್ 2010ರಲ್ಲಿ ಶುರುವಾಗಿ 2015ರಲ್ಲಿ ಬಾಗಿಲು ಹಾಕಿತು. 2019ರಲ್ಲಿ ಬಂದ ಗೂಗಲ್‌ನ ಸ್ಟೇಡಿಯಾ 2023ರ ಜನವರಿ 18ಕ್ಕೆ ನಿಂತಿತು. ಭಾರತಕ್ಕೆ ಅದು ಬರಲೇ ಇಲ್ಲ. ಗೂಗಲ್ ಆಟಗಳ ಹಣ ವಾಪಸು ಕೊಟ್ಟಿತು, ಒಳ್ಳೆಯದೇ. ಅಂಥ ಔದಾರ್ಯವನ್ನು ಎಲ್ಲ ಕಂಪನಿಗಳಿಂದ ನಿರೀಕ್ಷಿಸಲಾಗದು. ಡಿಸ್ಕ್ ಇದ್ದರೆ ಅಣ್ಣ ಆಡಿದ್ದನ್ನು ತಮ್ಮ ಆಡುತ್ತಾನೆ, ಸಾಕಾದ ಮೇಲೆ ಅರ್ಧ ಬೆಲೆಗಾದರೂ ಮಾರಬಹುದು. ಚಂದಾ ನಿಂತ ದಿನ ಕ್ಲೌಡ್‌ನಿಂದ ಕೈಗೆ ಏನೂ ಉಳಿಯುವುದಿಲ್ಲ.

ಹಾಗೆಂದು ಕ್ಲೌಡ್ ಗೇಮಿಂಗ್ ನಮ್ಮೂರುಗಳಿಗೆ ಬೇಡವೆಂದು ನಾನು ಹೇಳಲಾರೆ. ಚದುರಂಗ, ಇಸ್ಪೀಟು, ಒಗಟು, ಊರು ಕಟ್ಟುವ ಆಟಗಳಿಗೆ ಆ ಹತ್ತನೇ ಒಂದು ಸೆಕೆಂಡು ಲೆಕ್ಕಕ್ಕೇ ಬರುವುದಿಲ್ಲ. ಮನೆಗೆ ಫೈಬರ್ ಬಂದವರು ಇಂಥ ಆಟಗಳಿಂದ ಶುರುಮಾಡಲಿ. ಅದರಲ್ಲಿ ಕನ್ನಡದಲ್ಲೇ ಮಾತಾಡುವ ಆಟಗಳೂ ಸಿಕ್ಕರೆ ಚಂದಾ ಕಟ್ಟುವುದಕ್ಕೆ ನಾನೂ ಸಿದ್ಧ. ಮಾರುವವರು ಮಾತ್ರ ಸ್ಟಿಕ್ಕಿನ ಬೆಲೆಯೊಂದನ್ನೇ ದೊಡ್ಡಕ್ಷರದಲ್ಲಿ ತೋರಿಸಬಾರದು. ತಿಂಗಳ ಚಂದಾ, ಬೇರೆಯಾಗಿ ಕೊಳ್ಳಬೇಕಾದ ಕಂಟ್ರೋಲರ್, ಗಂಟೆಗೆ ಎಷ್ಟು ಜಿಬಿ ಎಂಬ ಲೆಕ್ಕ ಮೂರನ್ನೂ ಅದೇ ಡಬ್ಬಿಯ ಮೇಲೆ ಅಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಅಚ್ಚು ಹಾಕಲಿ.