ಪಕ್ಕದ ಸೀಟಿನವರು

ಮಗ ಹಾಕಿಕೊಟ್ಟನೆಂದು ‘ಅಮೆರಿಕನ್ ಗ್ರಾಫಿಟಿ’ ನೋಡಿದೆ. ಜಾರ್ಜ್ ಲೂಕಾಸ್ 1973ರಲ್ಲಿ ತೆಗೆದ ಚಿತ್ರ. 1962ರ ಒಂದು ರಾತ್ರಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನ ಹುಡುಗರು ಕಾರುಗಳಲ್ಲಿ ಬೀದಿ ಸುತ್ತುವುದೇ ಕಥೆ.

ನನ್ನ ಕಣ್ಣು ನೆಟ್ಟಿದ್ದು ಜಾನ್ ಮಿಲ್ನರನ ಹಳದಿ ಕಾರಿನ ಮೇಲೆ. 1932ರ ಫೋರ್ಡ್, ಚಾವಣಿ ಕತ್ತರಿಸಿ ತಗ್ಗಿಸಿದೆ, ಎಂಜಿನ್ ಬಯಲಿಗೇ ಕಾಣುತ್ತದೆ. ಹೀಗೆ ಹಳೆಯ ಕಾರಿನ ಭಾರ ಇಳಿಸಿ, ಎಂಜಿನ್ನಿನ ಬಲ ಹೆಚ್ಚಿಸಿದರೆ ಅದು ಹಾಟ್ ರಾಡ್. ಎರಡು ಕಾರು ಅಕ್ಕಪಕ್ಕ ನಿಂತು ನೇರ ದಾರಿಯಲ್ಲಿ, ಸಾಮಾನ್ಯವಾಗಿ ಕಾಲು ಮೈಲಿ, ಓಡಿದರೆ ಡ್ರ್ಯಾಗ್ ರೇಸ್. ಕೆಲವೇ ಸೆಕೆಂಡಿನ ಆಟ. ಅದಕ್ಕೆ ತಿಂಗಳುಗಟ್ಟಲೆ ಗ್ರೀಸು ಮೆತ್ತಿದ ಕೈ! ಗುಜರಿಗೆ ಹೋಗಬೇಕಾದ್ದನ್ನು ಕೈಯಾರೆ ಎಬ್ಬಿಸಿ ಓಡಿಸುವ ಸುಖ ನನಗೂ ಅರ್ಥವಾಗುತ್ತದೆ. ಅಣ್ಣ ಸೈಕಲ್ ಬಿಚ್ಚಿದಾಗೆಲ್ಲ ಸ್ಪ್ಯಾನರ್ ಹಿಡಿದು ನಿಲ್ಲುತ್ತಿದ್ದವಳು ನಾನೇ. ಜೋಡಿಸಿದ ಮೇಲೆ ಓಡಿಸಲು ಮಾತ್ರ ಸಿಗುತ್ತಿರಲಿಲ್ಲ.

ಬೆಳಗಿನ ಜಾವದ ರೇಸು ಚಿತ್ರದ ಅತ್ಯುತ್ತಮ ಭಾಗ. ಎದುರಾಳಿಯ 1955ರ ಷೆವರ್ಲೆ ಉರುಳಿ ಹೊತ್ತಿಕೊಳ್ಳುತ್ತದೆ. ಗೆಳೆಯ ಎಷ್ಟೇ ಹೊಗಳಿದರೂ, ತಾನು ಸೋಲುತ್ತಿದ್ದೆನೆಂದು ಮಿಲ್ನರನಿಗೆ ಗೊತ್ತು. ಇಷ್ಟು ಪ್ರಾಮಾಣಿಕವಾದ ಚಿತ್ರ ಹುಡುಗಿಯರ ವಿಷಯದಲ್ಲಿ ಮಾತ್ರ ಜಿಪುಣ. ಪುಟ್ಟ ಕ್ಯಾರಲ್ ಮಿಲ್ನರನ ಪಕ್ಕದ ಸೀಟಿನಲ್ಲಿ ಊರೆಲ್ಲ ಸುತ್ತುತ್ತಾಳೆ. ಲೋರಿ ಉರುಳಿದ ಕಾರಿನೊಳಗೇ ಇದ್ದವಳು. ಕೊನೆಗೆ ನಾಲ್ವರು ಹುಡುಗರು ಮುಂದೆ ಏನಾದರೆಂದು ಪರದೆಯ ಮೇಲೆ ಬರೆದು ತೋರಿಸುತ್ತಾರೆ. ಹುಡುಗಿಯರ ಬಗ್ಗೆ ಒಂದು ಸಾಲೂ ಇಲ್ಲ. ಹಾಜರಿ ಕೂಗುವಾಗ ಅರ್ಧ ತರಗತಿಯನ್ನು ಬಿಟ್ಟ ಹಾಗೆ!

ಈ ಆಟದಲ್ಲಿ ಹೆಂಗಸರೇ ಇರಲಿಲ್ಲವೆ? ಶರ್ಲಿ ಮಲ್ಡೌನಿ 1977ರಲ್ಲಿ ಅಮೆರಿಕದ ಡ್ರ್ಯಾಗ್ ರೇಸಿನ ಟಾಪ್ ಫ್ಯೂಯಲ್ ವರ್ಗದ ಚಾಂಪಿಯನ್ ಆದರು. 1980, 1982ರಲ್ಲಿ ಮತ್ತೆ ಗೆದ್ದರು. ಅವರ ಕಥೆ 1983ರಲ್ಲಿ ‘ಹಾರ್ಟ್ ಲೈಕ್ ಎ ವ್ಹೀಲ್’ ಎಂಬ ಚಿತ್ರವಾಯಿತು. ಮುಂದಿನ ಭಾನುವಾರ ಅದನ್ನು ಹಾಕಿಕೊಡು ಎಂದು ಮಗನಿಗೆ ಹೇಳಿದ್ದೇನೆ.